ಲೆಕ್ಕದ ಪೀರಿಯಡ್‌ನಲ್ಲಿ, ಕನ್ನಡದ ಪೀರಿಯಡ್‌ನಲ್ಲಿ ಕಂಪ್ಯೂಟರ್ ವಿಜ್ಞಾನ: ಏನಿದು, ಹೇಗೆ ಕಲಿಸುತ್ತಾರೆ?

2025ರ ಅಕ್ಟೋಬರ್ ಕೊನೆಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಒಂದು ವಿಷಯ ಪ್ರಕಟಿಸಿತು. 2026-27ರ ಶೈಕ್ಷಣಿಕ ವರ್ಷದಿಂದ 3ನೇ ತರಗತಿಯಿಂದಲೇ ಮಕ್ಕಳಿಗೆ ಎಐ (ಕೃತಕ ಬುದ್ಧಿಮತ್ತೆ) ಮತ್ತು ಕಂಪ್ಯುಟೇಷನಲ್ ಥಿಂಕಿಂಗ್ (ಕೆಲಸವನ್ನು ಹಂತ ಹಂತವಾಗಿ ಬಿಡಿಸಿ ಯೋಚಿಸುವ ರೀತಿ) ಪರಿಚಯಿಸುತ್ತೇವೆ ಎಂದಿತು. ಪಠ್ಯಕ್ರಮ ರೂಪಿಸಲು ಸಿಬಿಎಸ್‌ಇ ಒಂದು ತಜ್ಞರ ಸಮಿತಿಯನ್ನೂ ಮಾಡಿತು. ಐಐಟಿ ಮದ್ರಾಸಿನ ಪ್ರೊಫೆಸರ್ ಕಾರ್ತಿಕ್ ರಾಮನ್ ಅದರ ಅಧ್ಯಕ್ಷರು. ಇದಕ್ಕೂ ಮೊದಲು, 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿ ಹೊತ್ತಿಗೆ ಕೋಡಿಂಗ್ ಚಟುವಟಿಕೆ ಬರಬೇಕು ಎಂದಿತ್ತು. ಈಗ ಅದು ಎಂಟು ವರ್ಷದ ಮಕ್ಕಳವರೆಗೂ ಇಳಿದಿದೆ.

ಸುದ್ದಿ ಬಂದ ಮೇಲೆ ಮನೆಗಳಲ್ಲಿ ಏಳುವ ಪ್ರಶ್ನೆಗಳು ಗೊತ್ತೇ ಇವೆ. ಮಗ್ಗಿ ಇನ್ನೂ ಬಾಯಿಗೆ ಬಂದಿಲ್ಲ, ಆಗಲೇ ಎಐ ಯಾಕೆ? ಇನ್ನೊಂದು ಪುಸ್ತಕ, ಇನ್ನೊಂದು ಪರೀಕ್ಷೆನಾ? ಕಂಪ್ಯೂಟರ್ ಇಲ್ಲದ ಶಾಲೆ ಏನು ಮಾಡಬೇಕು? ಕೇಂದ್ರದ ತೀರ್ಮಾನ ನೇರವಾಗಿ ತಟ್ಟುವುದು ಸಿಬಿಎಸ್‌ಇ, ಕೇಂದ್ರೀಯ ವಿದ್ಯಾಲಯ, ನವೋದಯದಂಥ ಶಾಲೆಗಳಿಗೆ. ರಾಜ್ಯ ಪಠ್ಯಕ್ರಮದ ಶಾಲೆಯಲ್ಲಿ ಏನು ಕಲಿಸಬೇಕು ಅನ್ನುವುದನ್ನು ರಾಜ್ಯವೇ ತೀರ್ಮಾನಿಸುತ್ತದೆ. ಆದರೆ ಪ್ರಶ್ನೆಗಳು ಎರಡೂ ಕಡೆಯ ಅಪ್ಪ-ಅಮ್ಮಂದಿರಿಗೆ ಒಂದೇ.

## ಎರಡು ಬೇರೆ ಬೇರೆ ವಿಷಯ

‘ಮಕ್ಕಳಿಗೆ ಕಂಪ್ಯೂಟರ್ ಕಲಿಸ್ತಾರೆ’ ಅನ್ನುವ ಒಂದೇ ಮಾತಿನಲ್ಲಿ ಎರಡು ಸಂಗತಿ ಸೇರಿಕೊಂಡಿವೆ.

ಒಂದು, ಡಿಜಿಟಲ್ ಕೌಶಲ. ಟೈಪ್ ಮಾಡುವುದು, ಫೈಲ್ ಉಳಿಸಿ ಮತ್ತೆ ಹುಡುಕಿ ತೆಗೆಯುವುದು, ಬೇಕಾದ ಮಾಹಿತಿ ಹುಡುಕುವುದು, ಸಿಕ್ಕಿದ್ದು ನಿಜವೋ ಸುಳ್ಳೋ ನೋಡುವುದು, ಪಾಸ್‌ವರ್ಡ್ ಜೋಪಾನ ಮಾಡುವುದು. ಅಂದರೆ ಯಂತ್ರವನ್ನು ಸರಿಯಾಗಿ ಬಳಸುವುದು.

ಇನ್ನೊಂದು, ಕಂಪ್ಯೂಟರ್ ವಿಜ್ಞಾನ. ಒಂದು ಕೆಲಸವನ್ನು ಯಂತ್ರ ಮಾಡಬೇಕಾದರೆ ಅದನ್ನು ಹೇಗೆ ಬಿಡಿಸಿ ಹೇಳಬೇಕು, ಮಾಹಿತಿಯನ್ನು ಯಾವ ರೂಪದಲ್ಲಿ ಇಡಬೇಕು, ತಪ್ಪು ಎಲ್ಲಿದೆ ಅಂತ ಹೇಗೆ ಹಿಡಿಯಬೇಕು ಎನ್ನುವ ವಿದ್ಯೆ ಇದು. ಹೀಗೆ ಬಿಡಿಸಿ ಯೋಚಿಸುವ ರೀತಿಗೇ ಕಂಪ್ಯುಟೇಷನಲ್ ಥಿಂಕಿಂಗ್ ಎಂದು ಹೆಸರು. ಕಂಪ್ಯೂಟರ್ ವಿಜ್ಞಾನಿ ಜೆನೆಟ್ ವಿಂಗ್ 2006ರಲ್ಲಿ ಬರೆದ ಒಂದು ಸಣ್ಣ ಲೇಖನದಿಂದ ಆ ಹೆಸರು ಶಾಲಾ ಜಗತ್ತಿಗೆ ಹರಡಿತು. ಓದು, ಬರಹ, ಲೆಕ್ಕದ ಹಾಗೆ ಇದೂ ಎಲ್ಲರಿಗೂ ಬೇಕಾದದ್ದು ಎಂಬುದು ಅವರ ವಾದ.

ನಮ್ಮಲ್ಲಿ ಬಹಳ ಕಾಲ ನಡೆದದ್ದು ಮೊದಲನೆಯದು, ಅದೂ ಅರ್ಧಂಬರ್ಧ. ಲ್ಯಾಬಿನಲ್ಲಿ ವಾರಕ್ಕೊಂದು ಪೀರಿಯಡ್, ಒಂದು ಕಂಪ್ಯೂಟರ್ ಸುತ್ತ ನಾಲ್ಕೈದು ಮಕ್ಕಳು. ಪರೀಕ್ಷೆಯಲ್ಲಿ ‘ಸಿಪಿಯು ವಿಸ್ತರಿಸಿ ಬರೆಯಿರಿ’. ಸಿಪಿಯು ಎಂದರೇನು ಅಂತ ಬರೆದ ಮಗುವಿಗೆ ಅದು ಏನು ಮಾಡುತ್ತದೆ ಅನ್ನುವುದು ಗೊತ್ತಿರಬೇಕು ಅಂತೇನೂ ಇರಲಿಲ್ಲ. ಈಗ ಮಾತಾಡುತ್ತಿರುವುದು ಎರಡನೆಯದನ್ನೂ ಸೇರಿಸುವ ಬಗ್ಗೆ. ಬೇರೆ ಸಬ್ಜೆಕ್ಟ್ ಮಾಡದೆ ಲೆಕ್ಕ, ವಿಜ್ಞಾನ, ಭಾಷೆಯ ಪಾಠದೊಳಗೇ ಸೇರಿಸುವುದು ಇದರಲ್ಲಿ ಒಂದು ದಾರಿ. ಅದು ತರಗತಿಯಲ್ಲಿ ಹೇಗೆ ಕಾಣುತ್ತದೆ ಅಂತ ನೋಡಿದರೆ ಅರ್ಥವಾಗುವುದು ಸುಲಭ.

## ಲೆಕ್ಕದ ಪೀರಿಯಡ್: ತ್ರಿಭುಜ ಬರೆಯಲು ಹೋದರೆ ಷಡ್ಭುಜ ಬಂತು

ಹೊಸಬರೊಬ್ಬರು ದಾರಿ ಕೇಳಿದರೆ ನಾವು ‘ಹಂಗೇ ಮುಂದೆ ಹೋಗಿ, ಅಲ್ಲೊಂದು ಅರಳಿಮರ ಬರುತ್ತೆ, ಪಕ್ಕಕ್ಕೆ ತಿರುಗಿ’ ಅಂತೀವಿ. ಅವರು ಹೇಗೋ ಊಹೆ ಮಾಡಿಕೊಂಡು ಮನೆ ಮುಟ್ಟುತ್ತಾರೆ. ಕಂಪ್ಯೂಟರ್‌ಗೆ ಆ ಊಹೆ ಇಲ್ಲ. ಎಷ್ಟು ಹೆಜ್ಜೆ, ಯಾವ ಕಡೆಗೆ, ಎಷ್ಟು ಡಿಗ್ರಿ ಅಂತ ಬಿಡಿಬಿಡಿಯಾಗಿ ಹೇಳಬೇಕು. ಹಾಗೆ ಹಂತ ಹಂತವಾಗಿ, ಎರಡರ್ಥಕ್ಕೆ ಎಡೆಯಿಲ್ಲದಂತೆ ಬರೆದ ಸೂಚನೆಗಳ ಸಾಲೇ ಆಲ್ಗರಿದಮ್. ಅದನ್ನು ಯಂತ್ರಕ್ಕೆ ತಿಳಿಯುವ ಭಾಷೆಗೆ ಇಳಿಸುವುದು ಕೋಡಿಂಗ್.

ಮಕ್ಕಳಿಗೆ ಇದನ್ನು ಕಲಿಸಲು ‘ಆಮೆ’ಯ ಬಳಕೆ ಹಳೆಯದು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಿಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲಿ ಲೋಗೋ ಅನ್ನುವ ಭಾಷೆ ಮಾಡಿದರು. ಮುಂದೆ ಅದಕ್ಕೊಂದು ಆಮೆ ಸೇರಿತು. ಸೂಚನೆ ಕೊಟ್ಟ ಹಾಗೆ ಆಮೆ ನಡೆಯುತ್ತದೆ, ನಡೆದಲ್ಲಿ ಗೆರೆ ಬೀಳುತ್ತದೆ. ಎಂಐಟಿಯವರು 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್‌ನಲ್ಲೂ ಇದನ್ನೇ ಮಾಡಬಹುದು. ಅಲ್ಲಿ ಟೈಪ್ ಮಾಡುವ ಕೆಲಸ ಕಡಿಮೆ. ಬಣ್ಣದ ತುಂಡುಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ.

ಈಗ ಒಂದು ಸಮಬಾಹು ತ್ರಿಭುಜ ಬರೆಸಬೇಕು. ಮಗುವಿಗೆ ಗೊತ್ತು, ಅದರ ಪ್ರತಿ ಕೋನ 60 ಡಿಗ್ರಿ. ಹಾಗಾಗಿ ‘100 ಹೆಜ್ಜೆ ನಡೆ, 60 ಡಿಗ್ರಿ ತಿರುಗು, ಇದನ್ನು 3 ಸಲ ಮಾಡು’ ಎಂದು ಜೋಡಿಸುತ್ತದೆ. ತೆರೆಯ ಮೇಲೆ ತ್ರಿಭುಜ ಬರುವುದಿಲ್ಲ. ಮೂರು ಗೆರೆ ಬರುತ್ತವೆ, ಬಾಯಿ ತೆರೆದ ಬಟ್ಟಲಿನ ಥರ. ‘3 ಸಲ’ ಅನ್ನುವುದನ್ನು 6 ಮಾಡಿದರೆ ಅಚ್ಚುಕಟ್ಟಾದ ಷಡ್ಭುಜ!

ಯಾಕೆ ಹೀಗಾಯಿತು? ಆಮೆ ನೇರ ನಡೆಯುತ್ತಾ ಬಂದಿದೆ. ತ್ರಿಭುಜದ ಒಳಗೆ 60 ಡಿಗ್ರಿ ಉಳಿಯಬೇಕಾದರೆ ಅದು ತಿರುಗಬೇಕಾದದ್ದು 180ರಲ್ಲಿ 60 ಕಳೆದಷ್ಟು, ಅಂದರೆ 120. ತಿರುಗುವುದು ಹೊರಕೋನ, ನಾವು ಹೇಳಿದ್ದು ಒಳಕೋನ. ಮೂರು ಸಲ 120 ತಿರುಗಿದರೆ 360. ಒಂದು ಪೂರ್ತಿ ಸುತ್ತು. ಚೌಕಕ್ಕೆ 90ರಂತೆ ನಾಲ್ಕು ಸಲ, ಅದೂ 360. ಬಾಹು, ಕೋನಗಳೆಲ್ಲ ಸಮ ಇರುವ ಯಾವ ಬಹುಭುಜವಾದರೂ 360ನ್ನು ಬಾಹುಗಳ ಸಂಖ್ಯೆಯಿಂದ ಭಾಗಿಸಿದರೆ ಸಾಕು. ‘ಹೊರಕೋನಗಳ ಮೊತ್ತ 360 ಡಿಗ್ರಿ’ ಎಂದು ಬಾಯಿಪಾಠ ಮಾಡುವ ಮಾತನ್ನು ಮಗು ಇಲ್ಲಿ ತಾನೇ ಕಂಡುಕೊಂಡಿತು.

ಏಳು ಬಾಹುವಿನ ಆಕಾರಕ್ಕೆ ಬಂದಾಗ ಇನ್ನೊಂದು ಮಜಾ. 360ನ್ನು 7ರಿಂದ ಭಾಗಿಸಿದರೆ ಪೂರ್ಣಾಂಕ ಸಿಗುವುದಿಲ್ಲ. 51 ಹಾಕಿದರೆ ಏಳು ಸಲಕ್ಕೆ 357 ಆಗಿ ಆಕಾರ ಸರಿಯಾಗಿ ಕೂಡುವುದಿಲ್ಲ. ದಶಮಾಂಶ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಸೂಚನೆ ಬರೆದು, ಓಡಿಸಿ, ತಪ್ಪಾದದ್ದು ಎಲ್ಲಿ ಅಂತ ಹುಡುಕಿ ತಿದ್ದುವುದಕ್ಕೆ ಡಿಬಗ್ಗಿಂಗ್ ಅನ್ನುತ್ತಾರೆ. ಹಾಳೆಯ ಮೇಲೆ ತಪ್ಪಾದರೆ ಕೆಂಪು ಗೆರೆ ಬೀಳುತ್ತದೆ, ಕಥೆ ಮುಗಿಯಿತು. ಇಲ್ಲಿ ತಪ್ಪು ಕಣ್ಣಿಗೆ ಕಾಣುತ್ತದೆ, ತಿದ್ದುವುದು ಪಾಠದ ಭಾಗವೇ ಆಗಿದೆ.

## ಕನ್ನಡದ ಪೀರಿಯಡ್: ‘ಊರು’ ಸರಿಹೋದರೆ ‘ಗುರು’ ಕೆಡುತ್ತದೆ

ಲೆಕ್ಕದಲ್ಲಿ ಸರಿ, ಭಾಷೆಯಲ್ಲಿ ಏನು ಕೋಡಿಂಗ್ ಅನ್ನಿಸಬಹುದು. ಸಂಧಿ ಪಾಠ ತಗೊಳ್ಳಿ. ಯಾವುದೇ ಪದ ಕೊಟ್ಟರೂ ಅದಕ್ಕೆ ‘ಅನ್ನು’ ಸೇರಿಸಿಕೊಡುವ ನಿಯಮ ಬರೆಯಿರಿ ಅಂತ 7ನೇ ತರಗತಿ ಮಕ್ಕಳಿಗೆ ಹೇಳಿದರೆ ಏನಾಗುತ್ತದೆ ನೋಡಿ. ಪೆನ್ನು, ಹಾಳೆ ಸಾಕು. ಷರತ್ತು ಒಂದೇ: ನಿಯಮವನ್ನು ಕನ್ನಡವೇ ಬಾರದ ಯಂತ್ರವೊಂದು ಪಾಲಿಸುತ್ತದೆ ಅಂದುಕೊಳ್ಳಬೇಕು.

ಮೊದಲ ಪ್ರಯತ್ನ: ಪದದ ಕೊನೆಯಲ್ಲಿ ಇ, ಈ, ಎ, ಏ ಇದ್ದರೆ ನಡುವೆ ‘ಯ’ ತನ್ನಿ, ಇಲ್ಲದಿದ್ದರೆ ‘ವ’ ತನ್ನಿ. ಪರೀಕ್ಷೆ ಮಾಡೋಣ. ಮನೆ, ಮನೆಯನ್ನು. ನದಿ, ನದಿಯನ್ನು. ಮರ, ಮರವನ್ನು. ಗುರು, ಗುರುವನ್ನು. ಎಲ್ಲ ಸರಿ. ಊರು? ‘ಊರುವನ್ನು’. ಕೆಟ್ಟಿತು.

ಎರಡನೇ ಪ್ರಯತ್ನ: ಕೊನೆಯಲ್ಲಿ ಉ ಇದ್ದರೆ ಅದನ್ನು ಬಿಟ್ಟುಬಿಡಿ. ಊರನ್ನು, ಮಾತನ್ನು, ಹಣ್ಣನ್ನು, ಬಸ್ಸನ್ನು. ಚೆನ್ನಾಗಿದೆ. ಆದರೆ ಈಗ ಗುರು ಹೋಗಿ ‘ಗುರನ್ನು’ ಆಯಿತು, ಹಸು ಹೋಗಿ ‘ಹಸನ್ನು’. ಒಂದನ್ನು ತಿದ್ದಲು ಹೋಗಿ ಸರಿಯಿದ್ದ ಇನ್ನೊಂದು ಕೆಟ್ಟಿತು. ಸಾಫ್ಟ್‌ವೇರ್ ಕಂಪನಿಗಳಲ್ಲಿ ದಿನವೂ ನಡೆಯುವುದು ಇದೇ. ಹಾಗಾಗಿಯೇ ಅಲ್ಲಿ ಪ್ರತಿ ತಿದ್ದುಪಡಿ ಆದ ಮೇಲೂ ಹಳೆಯ ಪರೀಕ್ಷೆಗಳನ್ನೆಲ್ಲ ಇನ್ನೊಮ್ಮೆ ಓಡಿಸುತ್ತಾರೆ.

ಮೂರನೇ ಪ್ರಯತ್ನಕ್ಕೆ ಮಕ್ಕಳು ಎರಡು ಪಟ್ಟಿ ಮಾಡಬೇಕಾಗುತ್ತದೆ. ಉ ಉಳಿಯುವವು: ಗುರು, ಮಗು, ಹಸು, ಕರು, ನಗು. ಉ ಹೋಗುವವು: ಊರು, ಮಾತು, ಕಾಡು, ಹಣ್ಣು, ಬೆಕ್ಕು. ವ್ಯತ್ಯಾಸ ಏನು? ಮೊದಲ ಪಟ್ಟಿಯ ಪದಗಳಲ್ಲಿ ಎರಡೂ ಅಕ್ಷರ ಲಘು. (‘ಗುರು’ ಪದದಲ್ಲೂ ಇರುವುದು ಎರಡು ಲಘುವೇ, ತಮಾಷೆ ಅಲ್ವಾ.) ಎರಡನೇ ಪಟ್ಟಿಯಲ್ಲಿ ಮೊದಲ ಅಕ್ಷರ ಗುರು. ಸರಿ, ಇದೇ ನಿಯಮ ಅಂತ ಬರೆದು ಮುಗಿಸುವಷ್ಟರಲ್ಲಿ ಯಾರೋ ಒಬ್ಬರು ‘ವಸ್ತು’ ಅಂತಾರೆ. ‘ಸಾಧು’ ಅಂತಾರೆ. ವಸ್ತುವನ್ನು, ಸಾಧುವನ್ನು. ನಿಯಮ ಮತ್ತೆ ಬಿತ್ತು.

ಲೋಪ ಮಾಡಿದರೆ ಅರ್ಥ ಕೆಡುವಂತಿದ್ದರೆ ಆಗಮ ಅನ್ನುತ್ತವೆ ನಮ್ಮ ಶಾಲಾ ವ್ಯಾಕರಣಗಳು. ನಮಗೆ ಅದು ಸಾಕು, ಯಾಕೆಂದರೆ ಅರ್ಥ ನಮಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಸಂಸ್ಕೃತದಿಂದ ಬಂದ ಇಂಥ ಪದಗಳ ಪಟ್ಟಿಯನ್ನೇ ಅದಕ್ಕೆ ಕೊಡಬೇಕೇನೋ. ನಲವತ್ತು ನಿಮಿಷದ ಪೀರಿಯಡ್ ಮುಗಿದಾಗ ನಿಯಮ ಪೂರ್ತಿ ಆಗಿರುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಮಕ್ಕಳು ಲೋಪ, ಆಗಮ, ಲಘು, ಗುರು ನಾಲ್ಕನ್ನೂ ಉಪಯೋಗಿಸಿದ್ದಾರೆ. ‘ಹೀಗಿದ್ದರೆ ಹೀಗೆ, ಇಲ್ಲದಿದ್ದರೆ ಹಾಗೆ’ ಅನ್ನುವ ಷರತ್ತನ್ನೂ ಬರೆದಿದ್ದಾರೆ. ಪ್ರೋಗ್ರಾಮಿಂಗ್‌ನ ಅರ್ಧ ಇರುವುದು ಆ ಷರತ್ತಿನಲ್ಲೇ.

## ನಿಯಮದ ಬದಲು ಉದಾಹರಣೆ: ಎಐ ಬರುವುದು ಇಲ್ಲಿ

ಮೇಲಿನ ಸಂಧಿ ಕಥೆಯಿಂದಲೇ ಎಐ ಅರ್ಥ ಮಾಡಿಸಬಹುದು. ನಿಯಮ ಬರೆದು ಬರೆದು ಸುಸ್ತಾದೆವು. ಅದರ ಬದಲು ‘ಊರು, ಊರನ್ನು; ಗುರು, ಗುರುವನ್ನು; ವಸ್ತು, ವಸ್ತುವನ್ನು’ ಹೀಗೆ ಸಾವಿರಾರು ಜೋಡಿ ಯಂತ್ರಕ್ಕೆ ಕೊಟ್ಟು, ಹೊಂದಿಕೆ ನೀನೇ ಹುಡುಕಿಕೋ ಅಂದರೆ? ಇದಕ್ಕೆ ಮೆಷಿನ್ ಲರ್ನಿಂಗ್ ಅನ್ನುತ್ತಾರೆ. ನಾವು ಇವತ್ತು ಎಐ ಅಂತ ಕರೆಯುವುದರ ಬಹುಪಾಲು ಇದೇ. ನಿಯಮ ಮನುಷ್ಯರು ಬರೆಯುವುದಿಲ್ಲ, ಉದಾಹರಣೆಗಳಿಂದ ಯಂತ್ರ ಕಟ್ಟಿಕೊಳ್ಳುತ್ತದೆ.

ಕೇರಳದಲ್ಲಿ 2024ರಲ್ಲಿ 7ನೇ ತರಗತಿಯ ಐಸಿಟಿ (ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ) ಪಠ್ಯಕ್ಕೆ ಎಐ ಪಾಠ ಸೇರಿಸಿದಾಗ ಇಟ್ಟ ಚಟುವಟಿಕೆ ಮುಖಭಾವ ಗುರುತಿಸುವ ಪ್ರೋಗ್ರಾಂ. ಇಂಥ ಪ್ರೋಗ್ರಾಂ ಕಲಿಯುವುದು ಫೋಟೋಗಳಿಂದ. ನಗುವ ಮುಖಗಳ ಒಂದು ಗುಂಪು, ಸಿಟ್ಟಿನ ಮುಖಗಳ ಒಂದು ಗುಂಪು, ಪ್ರತಿ ಗುಂಪಿಗೂ ಒಂದು ಹೆಸರು. ಆಮೇಲೆ ಹೊಸ ಮುಖ ತೋರಿಸಿದರೆ ಯಾವ ಗುಂಪಿಗೆ ಹತ್ತಿರ ಅಂತ ಅದು ಹೇಳುತ್ತದೆ.

ಪಾಠ ಇರುವುದು ಅದು ತಪ್ಪು ಹೇಳಿದಾಗ. ನಗುವ ಫೋಟೋಗಳೆಲ್ಲ ಕಿಟಕಿ ಪಕ್ಕ ತೆಗೆದವು, ಸಿಟ್ಟಿನವೆಲ್ಲ ಕತ್ತಲೆ ಮೂಲೆಯಲ್ಲಿ ತೆಗೆದವು ಅಂದುಕೊಳ್ಳಿ. ಯಂತ್ರ ಕಲಿತದ್ದು ನಗುವನ್ನಲ್ಲ, ಬೆಳಕನ್ನು ಆಗಿರಬಹುದು. ಕತ್ತಲೆಯಲ್ಲಿ ನಕ್ಕವರನ್ನೂ ಅದು ಸಿಟ್ಟಿನವರು ಅಂದೀತು. ಕೊಟ್ಟ ಉದಾಹರಣೆ ಹೇಗೋ ಉತ್ತರವೂ ಹಾಗೆ. ಎಐ ಉತ್ತರ ಕೊಟ್ಟಾಗ ‘ಇದು ಯಾವುದನ್ನು ನೋಡಿ ಕಲಿತಿತ್ತು?’ ಅಂತ ಕೇಳುವ ಅಭ್ಯಾಸ 12 ವರ್ಷಕ್ಕೇ ಬಂದರೆ ಆ ಪಾಠ ಸಾರ್ಥಕ ಅಂತ ನನ್ನ ಲೆಕ್ಕ.

## ಕಂಪ್ಯೂಟರ್ ಇಲ್ಲದಿದ್ದರೆ?

ಶಾಲೆಗಳ ಅಂಕಿಅಂಶ ಕಲೆಹಾಕುವ ಕೇಂದ್ರದ ಯುಡೈಸ್ ಪ್ಲಸ್‌ನ 2024-25ರ ವರದಿ ಪ್ರಕಾರ ದೇಶದ ಶಾಲೆಗಳಲ್ಲಿ ಕಂಪ್ಯೂಟರ್ ಸೌಲಭ್ಯ ಇರುವುದು ಶೇ. 64.7ರಷ್ಟರಲ್ಲಿ, ಇಂಟರ್ನೆಟ್ ಇರುವುದು ಶೇ. 63.5ರಷ್ಟರಲ್ಲಿ. ಅಂದರೆ ಮೂರರಲ್ಲೊಂದು ಶಾಲೆಗೆ ಯಂತ್ರವೇ ಇಲ್ಲ. ಇರುವ ಕಡೆಯೂ ಮಗುವಿಗೆ ಎಷ್ಟು ಹೊತ್ತು ಕೈಗೆ ಸಿಗುತ್ತದೆ ಅನ್ನುವುದು ಬೇರೆ ಪ್ರಶ್ನೆ.

ಆದರೆ ಚಿಕ್ಕ ತರಗತಿಗಳ ಕಂಪ್ಯೂಟರ್ ವಿಜ್ಞಾನದ ಒಂದು ದೊಡ್ಡ ಭಾಗಕ್ಕೆ ಯಂತ್ರ ಬೇಕಿಲ್ಲ. ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ಟಿಮ್ ಬೆಲ್ ಮತ್ತು ಗೆಳೆಯರು 1990ರ ದಶಕದಿಂದ ಇಂಥ ಚಟುವಟಿಕೆಗಳನ್ನು ಕಟ್ಟುತ್ತಾ ಬಂದಿದ್ದಾರೆ. ‘ಅನ್‌ಪ್ಲಗ್ಡ್’ ಅಂತ ಅದಕ್ಕೆ ಹೆಸರು. ಪ್ಲಗ್ ಚುಚ್ಚದೆ ಕಲಿಯುವುದು.

ಒಂದು ಆಟ ನೋಡಿ. ತರಗತಿಯಲ್ಲಿ 60 ಮಕ್ಕಳು, ಹಾಜರಿ ನಂಬರ್ 1ರಿಂದ 60. ಒಬ್ಬರು ಮನಸ್ಸಿನಲ್ಲಿ ಒಂದು ನಂಬರ್ ಇಟ್ಟುಕೊಳ್ಳಲಿ. ಉಳಿದವರು ಹೌದು-ಅಲ್ಲ ಉತ್ತರದ ಪ್ರಶ್ನೆ ಕೇಳಿ ಹಿಡಿಯಬೇಕು. ‘1ಆ? 2ಆ?’ ಅಂತ ಹೋದರೆ 59 ಪ್ರಶ್ನೆವರೆಗೂ ಹೋಗಬಹುದು. ‘30ಕ್ಕಿಂತ ಜಾಸ್ತಿನಾ?’ ಅಂತ ಶುರು ಮಾಡಿ ಪ್ರತಿ ಸಲ ಅರ್ಧ ಮಾಡುತ್ತಾ ಹೋದರೆ 6 ಪ್ರಶ್ನೆಯೊಳಗೆ ಸಿಕ್ಕೇ ಸಿಗುತ್ತದೆ. 2ನ್ನು 6 ಸಲ ಗುಣಿಸಿದರೆ 64, ಅದು 60ಕ್ಕಿಂತ ದೊಡ್ಡದು. ಮಕ್ಕಳು 120 ಆದರೂ ಬೇಕಾದದ್ದು ಇನ್ನೊಂದೇ ಪ್ರಶ್ನೆ. ಇದು ಬೈನರಿ ಸರ್ಚ್. ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿದ್ದರೆ ಹುಡುಕುವುದು ಯಾಕೆ ಬೇಗ ಆಗುತ್ತದೆ ಅನ್ನುವುದೂ ಇದರಿಂದ ಗೊತ್ತಾಗುತ್ತದೆ. ಮೇಲಿನ ಸಂಧಿ ಪಾಠಕ್ಕೂ ಕರೆಂಟ್ ಬೇಕಿರಲಿಲ್ಲ, ನೆನಪಿರಲಿ.

ಹಾಗಂತ ಯಂತ್ರವೇ ಬೇಡ ಅಂತಲ್ಲ. ಆಮೆ ತಪ್ಪು ದಾರಿ ಹಿಡಿದದ್ದನ್ನು ಕಣ್ಣಾರೆ ನೋಡುವ ಅನುಭವ ಹಾಳೆಯಲ್ಲಿ ಸಿಗದು. ಟೈಪಿಂಗ್ ಅಂತೂ ಕೀಬೋರ್ಡ್ ಇಲ್ಲದೆ ಬರುವುದಿಲ್ಲ.

## ಡಿಜಿಟಲ್ ಕೌಶಲ ಯಾವ ಪಾಠದಲ್ಲಿ?

ಇದಕ್ಕೆ ಬೇರೆ ಪೀರಿಯಡ್ ಇಟ್ಟರೆ ಒಣ ಆಗುತ್ತದೆ. ಕೆಲಸದ ನಡುವೆ ಬಂದರೆ ಹತ್ತುತ್ತದೆ. ವಿಜ್ಞಾನದ ಪಾಠದಲ್ಲಿ ಬಾಟಲಿ ಕತ್ತರಿಸಿ ಮಳೆಮಾಪಕ ಮಾಡಿದ ಮಕ್ಕಳು ಜೂನ್ ತಿಂಗಳ ಮಳೆ ಬರೆದಿಟ್ಟು ಸ್ಪ್ರೆಡ್‌ಶೀಟ್‌ಗೆ ತುಂಬಬಹುದು, ಗ್ರಾಫ್ ಮಾಡಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿವೆ. ಆ ಅಂಕಿಯ ಪಕ್ಕ ತಮ್ಮದನ್ನು ಇಟ್ಟು ನೋಡಬಹುದು. ಎರಡೂ ತಾಳೆಯಾಗದಿದ್ದರೆ ಯಾಕೆ ಅಂತ ಹುಡುಕುವುದು ಇನ್ನೂ ಒಳ್ಳೆಯ ಪಾಠ.

ಸಮಾಜ ವಿಜ್ಞಾನದಲ್ಲಿ ಒಂದು ಫಾರ್ವರ್ಡ್ ಮೆಸೇಜ್ ತಂದು, ಇದನ್ನು ಮೊದಲು ಹೇಳಿದ್ದು ಯಾರು, ಫೋಟೋ ಯಾವ ಊರಿನದು, ಬೇರೆ ಎಲ್ಲಾದರೂ ಬಂದಿದೆಯಾ ಅಂತ ನೋಡಬಹುದು. ಸುರಕ್ಷತೆಯ ವಿಷಯದಲ್ಲಿ ಮಕ್ಕಳಿಗೆ ಗೊತ್ತಿರಬೇಕಾದದ್ದು ಬಹಳ ಇಲ್ಲ. ಓಟಿಪಿ ಯಾರಿಗೂ ಹೇಳಬಾರದು. ಪಾಸ್‌ವರ್ಡ್ ಗೆಳೆಯರಿಗೂ ಕೊಡಬಾರದು. ಹೆದರಿಸುವ ಮೆಸೇಜ್ ಬಂದರೆ ಮುಚ್ಚಿಡದೆ ಮನೆಯಲ್ಲಿ ಹೇಳಬೇಕು. ದುಡ್ಡು ಹೋದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

## ಬೇರೆ ಕಡೆ ಹೇಗೆ ಮಾಡಿದರು

ಇಂಗ್ಲೆಂಡ್ 2014ರ ಸೆಪ್ಟೆಂಬರ್‌ನಲ್ಲಿ ಐಸಿಟಿ ಅನ್ನುವ ಹಳೆಯ ಸಬ್ಜೆಕ್ಟ್ ತೆಗೆದು ‘ಕಂಪ್ಯೂಟಿಂಗ್’ ತಂದಿತು. 5 ವರ್ಷದ ಮಕ್ಕಳಿಂದಲೇ ಆಲ್ಗರಿದಮ್. ಕಾಗದದ ಮೇಲೆ ಚೆನ್ನಾಗಿತ್ತು. ಮೂರು ವರ್ಷ ಆದ ಮೇಲೆ, 2017ರಲ್ಲಿ, ಅಲ್ಲಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ ಪರಿಶೀಲಿಸಿದಾಗ ಸಿಕ್ಕ ಚಿತ್ರ ಬೇರೆ: ಕೆಲವು ಕಡೆ ಚೆನ್ನಾಗಿ ನಡೆಯುತ್ತಿದೆ, ಕೆಲವು ಕಡೆ ಏನೂ ಇಲ್ಲ. ಪುಸ್ತಕ ಬದಲಾಗಿತ್ತು, ಕಲಿಸುವವರಿಗೆ ತಯಾರಿ ಆಗಿರಲಿಲ್ಲ. ಆಮೇಲೆ ಸರ್ಕಾರ 8.4 ಕೋಟಿ ಪೌಂಡ್ ತೆಗೆದಿಟ್ಟು ಶಿಕ್ಷಕರ ತರಬೇತಿಗೆ ರಾಷ್ಟ್ರೀಯ ಕೇಂದ್ರ ಕಟ್ಟಿತು. ಯಂತ್ರ, ಪಠ್ಯಕ್ಕಿಂತ ಮೊದಲು ಮೇಷ್ಟ್ರು ಅನ್ನುವುದು ಅಲ್ಲಿ ಹಣ ಕೊಟ್ಟು ಕಲಿತ ಪಾಠ.

ಜಪಾನ್ ಬೇರೆ ದಾರಿ ಹಿಡಿಯಿತು. 2020ರ ಏಪ್ರಿಲ್‌ನಿಂದ ಪ್ರಾಥಮಿಕ ಶಾಲೆಯಲ್ಲಿ ಪ್ರೋಗ್ರಾಮಿಂಗ್ ಕಡ್ಡಾಯ. ಆದರೆ ಅದು ಬೇರೆ ಸಬ್ಜೆಕ್ಟ್ ಅಲ್ಲ. ಅಲ್ಲಿನ ಪಠ್ಯಕ್ರಮ ಕೊಟ್ಟ ಉದಾಹರಣೆಗಳಲ್ಲಿ ಒಂದು 5ನೇ ತರಗತಿ ಗಣಿತದಲ್ಲಿ ನಿಯತ ಬಹುಭುಜ ಬರೆಯುವುದು, ಮೇಲೆ ನೋಡಿದ ಆಮೆಯ ಲೆಕ್ಕವೇ. ಇನ್ನೊಂದು 6ನೇ ತರಗತಿ ವಿಜ್ಞಾನದ ವಿದ್ಯುತ್ ಪಾಠ. ಕತ್ತಲಾದಾಗ ಮಾತ್ರ ದೀಪ ಹತ್ತುವಂತೆ ಮಾಡಿ ಕರೆಂಟ್ ಉಳಿಸುವಂಥ ಪ್ರಯೋಗ ಅದರಲ್ಲಿ ಬರುತ್ತದೆ. ಜೊತೆಗೆ ಪ್ರತಿ ಮಗುವಿಗೊಂದು ಸಾಧನ ಕೊಡುವ ‘ಗಿಗಾ ಸ್ಕೂಲ್’ ಯೋಜನೆ. ಕೊರೊನಾ ಬಂದು ಅದು ಇನ್ನೂ ಬೇಗ ಆಯಿತು. ನಂತರ 2022ರಿಂದ ಹೈಸ್ಕೂಲಿನಲ್ಲಿ ಮಾತ್ರ ಬೇರೆ ಕಡ್ಡಾಯ ವಿಷಯ ಮಾಡಿದರು.

ನಮಗೆ ಪಕ್ಕದ ಕೇರಳ ಹತ್ತಿರದ ಉದಾಹರಣೆ. ಅಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ, ಸುಮಾರು ಅದೇ ಹೊತ್ತಿಗೆ ನಮ್ಮ ಹೈಸ್ಕೂಲುಗಳಿಗೆ ‘ಮಾಹಿತಿ ಸಿಂಧು’ ಬಂದಿತ್ತು. ನಮ್ಮಲ್ಲಿ ಕಂಪ್ಯೂಟರ್ ಕಲಿಸುವ ಕೆಲಸ ಖಾಸಗಿ ಸಂಸ್ಥೆಗಳ ಮೂಲಕ ನಡೆಯಿತು. ಕೇರಳದವರು ಮೊದಲಿನಿಂದ ತಮ್ಮದೇ ಶಿಕ್ಷಕರನ್ನು ತಯಾರು ಮಾಡಿದರು. ಲೈಸೆನ್ಸ್‌ಗೆ ದುಡ್ಡು ಕೊಡಬೇಕಿಲ್ಲದ ಸ್ವತಂತ್ರ ತಂತ್ರಾಂಶ ಹಾಕಿದರು. ಈಗ ಅದನ್ನು ನಡೆಸುವ ಸಂಸ್ಥೆ ಕೈಟ್. ಅವರ ಐಸಿಟಿ ಪುಸ್ತಕಗಳು ಮಲಯಾಳಂ, ಇಂಗ್ಲಿಷ್, ತಮಿಳಿನ ಜೊತೆ ಕನ್ನಡದಲ್ಲೂ ಬರುತ್ತವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಅವನ್ನೇ. ಚಿಕ್ಕ ಮಕ್ಕಳ ಪುಸ್ತಕದಲ್ಲಿ ಟಕ್ಸ್ ಪೇಂಟ್, ಜಿಕಾಂಪ್ರಿಸ್‌ನಂಥ ಚಿತ್ರ ಮತ್ತು ಆಟದ ತಂತ್ರಾಂಶಗಳು ಬೇರೆ ಪಾಠಗಳ ಜೊತೆ ಹೆಣೆದುಕೊಂಡು ಬರುತ್ತವೆ. ಕನ್ನಡದಲ್ಲಿ ಇಂಥ ಪಾಠ ಬರೆಯಬೇಕು ಅನ್ನುವವರು ಮೊದಲು ತೆಗೆದು ನೋಡಬೇಕಾದದ್ದು ಆ ಪುಸ್ತಕಗಳನ್ನು.

## ಮನೆಯವರು ಕೇಳುವ ಕೆಲವು ಪ್ರಶ್ನೆ

ಸ್ಕ್ರೀನ್ ನೋಡುವುದು ಜಾಸ್ತಿ ಆಗಲ್ವಾ? ಚಿಕ್ಕ ತರಗತಿಗಳಲ್ಲಿ ಆಗಬೇಕಾಗಿಲ್ಲ. 3ರಿಂದ 5ನೇ ತರಗತಿಯ ಬಹುಪಾಲು ಕೆಲಸ ಒಗಟು, ಕಾರ್ಡು, ಆಟದಲ್ಲೇ ಆಗುತ್ತದೆ. ಶಾಲೆಯಲ್ಲಿ ‘ಎಐ ಕಲಿಸ್ತೀವಿ’ ಅಂತ ಮಗುವನ್ನು ಸುಮ್ನೆ ಟ್ಯಾಬ್ ಮುಂದೆ ಕೂರಿಸಿ ವಿಡಿಯೋ ಹಾಕುತ್ತಿದ್ದರೆ, ಅದು ಈ ಲೇಖನದಲ್ಲಿ ಹೇಳಿದ ಪಾಠ ಅಲ್ಲ.

ಇಂಗ್ಲಿಷ್ ಬರದಿದ್ದರೆ? ಆಲ್ಗರಿದಮ್‌ಗೆ ಭಾಷೆಯ ಹಂಗಿಲ್ಲ, ಕನ್ನಡದಲ್ಲೇ ಬರೆಯಬಹುದು. ಮುಂದೆ ಟೈಪ್ ಮಾಡಿ ಕೋಡ್ ಬರೆಯುವಾಗ ಇಂಗ್ಲಿಷ್ ಪದಗಳು ಬರುತ್ತವೆ. ಆದರೆ ಅವು ಸಂಖ್ಯೆಯಲ್ಲಿ ತುಂಬಾ ಕಡಿಮೆ. ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಮೀಸಲು ಪದಗಳು (ಭಾಷೆಯೇ ಅರ್ಥ ಗೊತ್ತುಮಾಡಿಟ್ಟವು) ಮೂವತ್ತೈದರ ಆಸುಪಾಸು, ಅಷ್ಟೇ.

ದುಡ್ಡು ಕೊಟ್ಟು ಕೋಡಿಂಗ್ ಕ್ಲಾಸಿಗೆ ಸೇರಿಸಬೇಕಾ? ಲಾಕ್‌ಡೌನ್ ಕಾಲದಲ್ಲಿ ಇಂಥ ಕ್ಲಾಸುಗಳ ಜಾಹೀರಾತು ಎಲ್ಲೆಲ್ಲೂ ಕಾಣಿಸುತ್ತಿತ್ತು, ಆರು ವರ್ಷದ ಮಗು ಆ್ಯಪ್ ಮಾಡಿತು ಅಂತೆಲ್ಲ. ಸ್ಕ್ರ್ಯಾಚ್ ಪೂರ್ತಿ ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. 5ರಿಂದ 7 ವರ್ಷದವರಿಗೆ ಸ್ಕ್ರ್ಯಾಚ್ ಜೂನಿಯರ್ ಇದೆ, ಅದೂ ಉಚಿತ. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಚೌಕ ಬರೆಯುವುದರಿಂದ ಶುರು ಮಾಡಿ. ಆಮೇಲೆ ತ್ರಿಭುಜ. ‘120 ಹಾಕು’ ಅಂತ ನೀವೇ ಮೊದಲು ಹೇಳಿಬಿಡಬೇಡಿ.